ಅರಣ್ಯಕಾಂಡವೋ, ಸಂಖ್ಯಾಕಾಂಡವೋ? ಬೈಬಲಿನ ಓದು ಮತ್ತು ಅದರ ಆಕರಗ್ರಂಥಗಳು

ಪಟಾನ್‌ಚೆರುವಿನಂಥ ಊರಿನಲ್ಲಿ ನೆಲೆಸಿದ ಕನ್ನಡಿಗರಿಗೆ ಕನ್ನಡ ಬೈಬಲನ್ನೂ ತೆಲುಗು ಬೈಬಲನ್ನೂ ಅಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ಸಹಜವಾಗಿಯೇ ಇದೆ. ಎರಡರ ಪರಿವಿಡಿಯನ್ನು ಹೋಲಿಸಿದರೆ ನಾಲ್ಕನೆಯ ಪುಸ್ತಕದಲ್ಲಿ ಕಣ್ಣು ನಿಲ್ಲುತ್ತದೆ. ತೆಲುಗಿನಲ್ಲಿ ಅದು ಸಂಖ್ಯಾಕಾಂಡ, ಕನ್ನಡದಲ್ಲಿ ಅರಣ್ಯಕಾಂಡ. ಒಂದೇ ಪುಸ್ತಕಕ್ಕೆ ಇಷ್ಟು ದೂರದ ಎರಡು ಹೆಸರುಗಳು ಹೇಗೆ ಬಂದವು? ಗ್ರೀಕ್ ಅನುವಾದಕರು ಆ ಪುಸ್ತಕದಲ್ಲಿ ಬರುವ ಜನಗಣತಿಯನ್ನು ಗಮನಿಸಿ ಅದನ್ನು 'ಸಂಖ್ಯೆಗಳು' ಎಂದು ಕರೆದರು. ಲ್ಯಾಟಿನ್ ಆ ಹೆಸರನ್ನು ಅನುಸರಿಸಿತು, ಇಂಗ್ಲಿಷು ಲ್ಯಾಟಿನ್ನನ್ನು ಅನುಸರಿಸಿತು, ತೆಲುಗಿನದೂ ಅದೇ ದಾರಿ. ಹೀಬ್ರೂ ಸಂಪ್ರದಾಯದಲ್ಲಾದರೋ ಅದರ ಹೆಸರು 'ಬೆಮಿದ್ಬಾರ್', ಎಂದರೆ 'ಅರಣ್ಯದಲ್ಲಿ' ಅಥವಾ 'ಮರುಭೂಮಿಯಲ್ಲಿ'. ಪುಸ್ತಕದ ಮೊದಲ ವಾಕ್ಯದಿಂದಲೇ ಎತ್ತಿಕೊಂಡ ಮಾತು ಅದು. ಕನ್ನಡದ ಹೆಸರು ಹೀಬ್ರೂವಿನ ಪಕ್ಕಕ್ಕೆ ಹೋಗಿ ನಿಂತಿದೆ. ರಾಮಾಯಣದ ಅರಣ್ಯಕಾಂಡ ಕನ್ನಡಿಗರ ಕಿವಿಯಲ್ಲಿ ಮೊದಲೇ ಇದ್ದುದೂ ಈ ಆಯ್ಕೆಯನ್ನು ಸುಲಭಗೊಳಿಸಿರಬಹುದು.

ಎರಡನೆಯ ಪುಸ್ತಕವೂ ಹೀಗೆಯೇ. ತೆಲುಗಿನ 'ನಿರ್ಗಮಕಾಂಡ' ಗ್ರೀಕಿನ 'ಎಕ್ಸೊಡಸ್' ಎಂಬುದರ ನೇರ ಅನುವಾದ, ಹೊರಟುಹೋಗುವಿಕೆ. ಕನ್ನಡದ್ದು 'ವಿಮೋಚನಕಾಂಡ'. ಈಜಿಪ್ಟಿನಿಂದ ಇಸ್ರಾಯೇಲ್ಯರು ಹೊರಟರು ಎಂಬುದನ್ನಷ್ಟೇ ಅದು ಹೇಳುವುದಿಲ್ಲ, ಬಿಡುಗಡೆ ಹೊಂದಿದರು ಎನ್ನುತ್ತದೆ. ಗ್ರೀಕಿನಲ್ಲಾಗಲಿ ಹೀಬ್ರೂವಿನಲ್ಲಾಗಲಿ ಆ ಪುಸ್ತಕಕ್ಕೆ ಆ ಹೆಸರಿಲ್ಲ. ಅದು ಅನುವಾದಕರ ವ್ಯಾಖ್ಯಾನ.

ಈ ಹೋಲಿಕೆ ನಮಗೆ ಮುಖ್ಯವಾದದ್ದು ಒಂದು ಪ್ರಾಯೋಗಿಕ ಕಾರಣದಿಂದ. ಬೈಬಲನ್ನು ಶ್ರದ್ಧೆಯಿಂದಲೋ ಸಾಹಿತ್ಯದ ಆಸಕ್ತಿಯಿಂದಲೋ ಓದಹೊರಟ ಕನ್ನಡಿಗರು, ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ' ಕಾವ್ಯವನ್ನೋ ಮಿಲ್ಟನ್ನನನ್ನೋ ಅರ್ಥಮಾಡಿಕೊಳ್ಳಬಯಸುವವರು, ಯಾವ ಆಕರಗ್ರಂಥಗಳನ್ನು ಕೊಳ್ಳಬೇಕೆಂದು ಕೇಳುತ್ತಾರೆ. ಪುಸ್ತಕದಂಗಡಿಯಲ್ಲಿಯೂ ಅಂತರ್ಜಾಲದಲ್ಲಿಯೂ ಸಿಗುವ ಕೋಶ, ಪದಾನುಕ್ರಮಣಿಕೆ, ವ್ಯಾಖ್ಯಾನಗಳ ಪೈಕಿ ಬಹುಪಾಲು 1611ರ ಇಂಗ್ಲಿಷ್ ಅನುವಾದವನ್ನು, ಎಂದರೆ ಕಿಂಗ್ ಜೇಮ್ಸ್ ಬೈಬಲನ್ನು, ಎದುರಿಗಿಟ್ಟುಕೊಂಡು ರಚಿತವಾದವು. ಕನ್ನಡ ಬೈಬಲು ಎಷ್ಟೋ ಕಡೆ ಆ ಇಂಗ್ಲಿಷಿನ ದಾರಿಯಲ್ಲಿ ನಡೆದಿಲ್ಲ. ಆದ್ದರಿಂದ ಯಾವ ಪಠ್ಯಕ್ಕಾಗಿ ಈ ಸಲಕರಣೆ ತಯಾರಾಯಿತು ಎಂಬುದೇ ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆ. ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಇದು ಹೊಸತಲ್ಲ. ನಿಯಮವನ್ನು ಉದ್ಧರಿಸುವ ಮುನ್ನ ಕೈಯಲ್ಲಿರುವುದು ಯಾವ ತಿದ್ದುಪಡಿಯ ಪ್ರತಿ ಎಂದು ನೋಡದವರ ಟಿಪ್ಪಣಿ ಮೇಲಿನ ಮೇಜಿನಿಂದ ಹಿಂದಕ್ಕೆ ಬರುತ್ತದೆ.

ಹೀಗೆ ನೋಡಿದಾಗ, ಕನ್ನಡದಲ್ಲಿ ಬೈಬಲ್ ಓದುವವರಿಗೆ ಮೊಟ್ಟಮೊದಲ ಆಕರಗ್ರಂಥವೆಂದು ನಾವು ಸೂಚಿಸುವುದು ಬೈಬಲ್ ಕೋಶವನ್ನಲ್ಲ, ಕನ್ನಡ ಕೋಶವನ್ನು. ಅದಕ್ಕೆ ಚರಿತ್ರೆಯ ಆಧಾರವಿದೆ.

1800ರ ಒಪ್ಪಂದದಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. ಹತ್ತು ವರ್ಷಗಳ ತರುವಾಯ, 1810ರಲ್ಲಿ, ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಕನ್ನಡ ಕಲಿತು ಬೈಬಲಿನ ಅನುವಾದಕ್ಕೆ ಕೈಹಚ್ಚಿದರು. 1816ರಲ್ಲಿ ಅವರನ್ನು ಸೇರಿಕೊಂಡವರು ವಿಲಿಯಂ ರೀವ್. 1831ರ ಹೊತ್ತಿಗೆ ಕನ್ನಡದಲ್ಲಿ ಇಡೀ ಬೈಬಲು ಸಿದ್ಧವಾಯಿತು. ಇದೇ ಅವಧಿಯ ಎರಡು ತುದಿಗಳಲ್ಲಿ ರೀವ್ ಅವರ ಎರಡು ನಿಘಂಟುಗಳು ನಿಂತಿವೆ: 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್. ಅನುವಾದವೂ ನಿಘಂಟೂ ಒಂದೇ ಮೇಜಿನ ಮೇಲೆ ಎನ್ನುವಷ್ಟು ಹತ್ತಿರದಲ್ಲಿ ಬೆಳೆದವು. ಅವರ ಬಳಿ ಕುಳಿತು ಮಾತಿನ ಅರ್ಥ ಹೇಳಿಕೊಟ್ಟ ಕನ್ನಡದ ಮುನ್ಷಿಗಳು ಮುಖಪುಟಗಳಲ್ಲಿ ಕಾಣಿಸುವುದಿಲ್ಲ. ಆದರೆ ಪ್ರತಿ ಪುಟದಲ್ಲೂ ಅವರ ಕಿವಿ ಇದೆಯೆಂದು ನಾವು ತಿಳಿಯುತ್ತೇವೆ. ಕನ್ನಡ ಬಲ್ಲ ಕನ್ನಡಿಗರ ನೆರವಿಲ್ಲದೆ ಅಂಥ ಕೆಲಸ ನಡೆಯುವಂಥದಲ್ಲ.

ರೀವ್ ಅವರ ಕೋಶವನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ ಹಿಗ್ಗಿಸಿ 1858ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಮುದ್ರಣಾಲಯದಿಂದ ಹೊರತಂದರು. ಅನುವಾದವೂ ಒಂದೇ ಕಡೆ ನಿಲ್ಲಲಿಲ್ಲ. ಶತಮಾನದ ನಡುಭಾಗದಲ್ಲಿ ಅದರ ಪರಿಷ್ಕರಣೆ ನಡೆಯಿತು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಆ ಕೆಲಸದಲ್ಲಿ ದುಡಿದವರಲ್ಲಿ ಒಬ್ಬರು. ಬಾಸೆಲ್ ಮಿಷನ್ನಿನವರೆಂದರೆ ಹೆಚ್ಚಾಗಿ ಜರ್ಮನ್ ಭಾಷಿಕರು. ಲೂಥರನ ಜರ್ಮನ್ ಬೈಬಲಿನಲ್ಲಿ ಅರಣ್ಯಕಾಂಡಕ್ಕೆ 'ಸಂಖ್ಯೆ' ಎಂಬ ಹೆಸರಾಗಲಿ 'ಅರಣ್ಯ' ಎಂಬ ಹೆಸರಾಗಲಿ ಇಲ್ಲ. ಅದು ಬರಿಯ 'ಮೋಶೆಯ ನಾಲ್ಕನೆಯ ಪುಸ್ತಕ'. ಕನ್ನಡ ಬೈಬಲಿನ ಹಿಂದೆ ಇಂಗ್ಲಿಷೊಂದೇ ಇಲ್ಲ ಎಂಬುದನ್ನು ನೆನಪಿಡಲು ಇಷ್ಟು ಸಾಕು.

ಆಮೇಲೆ 1894ರಲ್ಲಿ ಮಂಗಳೂರಿನಿಂದ ಕಿಟ್ಟೆಲ್ ಅವರ ಕೋಶ ಬಂತು. 1853ರಲ್ಲಿ ಕನ್ನಡನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಮಿಷನರಿಯಾಗಿದ್ದರೂ ಅವರ ಕೋಶ ಮಿಷನ್ ಕೆಲಸದ ಅಗತ್ಯವನ್ನು ಎಷ್ಟೋ ದಾಟಿಹೋಯಿತು. ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದ ವಿದ್ವಾಂಸರ ಕೋಶ ಅದು. ಹಳಗನ್ನಡದ ಪ್ರಯೋಗ, ಗಾದೆ, ಆಡುಮಾತು, ಸೋದರ ದ್ರಾವಿಡ ಭಾಷೆಗಳ ಸಜಾತಿ ಪದ ಎಲ್ಲವೂ ಅದರಲ್ಲಿವೆ. ಮುಂದೆ ಮದರಾಸು ವಿಶ್ವವಿದ್ಯಾನಿಲಯಕ್ಕಾಗಿ ಎಂ. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಲ್ಲಿ ಕೊಟ್ಟರು. ಕನ್ನಡ ಬೈಬಲಿನ ಮಾತು ಕನ್ನಡಿಗರ ಬಾಯಲ್ಲಿ ಆ ಕಾಲಕ್ಕೆ ಏನು ಅರ್ಥ ಕೊಡುತ್ತಿತ್ತು ಎಂಬುದನ್ನು ತಿಳಿಯಲು ಸ್ಯಾಂಡರ್ಸನ್ ಮತ್ತು ಕಿಟ್ಟೆಲ್ ಕೋಶಗಳಷ್ಟು ಹತ್ತಿರದ ಸಾಕ್ಷಿಗಳು ನಮಗೆ ಸಿಗಲಾರವು. ಇಂದಿನ ಅರ್ಥದಿಂದ ಹಿಂದಿನ ವಾಕ್ಯವನ್ನು ಓದುವ ತಪ್ಪಿನಿಂದ ಅವು ನಮ್ಮನ್ನು ಕಾಯುತ್ತವೆ.

'ಒಡಂಬಡಿಕೆ' ಎಂಬ ಮಾತನ್ನು ತೆಗೆದುಕೊಳ್ಳೋಣ. ಹಳೆಯ ಒಡಂಬಡಿಕೆ, ಹೊಸ ಒಡಂಬಡಿಕೆ ಎಂದು ಬೈಬಲಿನ ಎರಡು ಭಾಗಗಳನ್ನು ಕರೆಯುತ್ತೇವೆ. ತೆಲುಗಿನವರು ಸಂಸ್ಕೃತದ 'ನಿಬಂಧನ'ವನ್ನು ಆರಿಸಿಕೊಂಡರು, ಕನ್ನಡದವರು 'ಒಡಂಬಡು' ಎಂಬ ದೇಸಿ ಧಾತುವಿನ ಕಡೆಗೆ ಹೋದರು. ಇಬ್ಬರು ಒಂದು ಮಾತಿಗೆ ಒಪ್ಪಿಕೊಳ್ಳುವುದು ಅದರ ಅರ್ಥ. ಹೀಬ್ರೂವಿನ 'ಬೆರಿತ್' ಎಂಬುದಕ್ಕೆ ಅದು ಬಹಳ ಚೆನ್ನಾಗಿ ಹೊಂದುತ್ತದೆ. ಇಂದು ಪತ್ರಿಕೆಗಳಲ್ಲಿ ಎರಡು ಕಂಪನಿಗಳು ಸಹಿ ಹಾಕುವ ಕಾಗದಕ್ಕೂ ಇದೇ ಹೆಸರಿರುವುದರಿಂದ ನಮ್ಮ ಕಿವಿಯಲ್ಲಿ ಅದರ ಗಾಂಭೀರ್ಯ ಕೊಂಚ ಇಳಿದಿದೆ, ಅದು ಬೇರೆ ಮಾತು. ತೊಡಕಿರುವುದು ಗ್ರೀಕಿನಲ್ಲಿ. ಅಲ್ಲಿ 'ಬೆರಿತ್'ಗೆ ಬಳಸಿದ 'ಡಯಾಥೀಕೆ' ಎಂಬ ಪದಕ್ಕೆ ಮರಣಾನಂತರ ಆಸ್ತಿ ಯಾರಿಗೆ ಎಂದು ಬರೆದಿಡುವ ಉಯಿಲು ಎಂಬ ಅರ್ಥವೂ ಇದೆ. ಲ್ಯಾಟಿನ್ನಿನ 'ಟೆಸ್ಟಮೆಂಟಮ್', ಇಂಗ್ಲಿಷಿನ 'ಟೆಸ್ಟಮೆಂಟ್' ಬಂದದ್ದು ಆ ದಾರಿಯಲ್ಲಿ. ಇಬ್ರಿಯರಿಗೆ ಬರೆದ ಪತ್ರಿಕೆಯ 9ನೆಯ ಅಧ್ಯಾಯದ 16 ಮತ್ತು 17ನೆಯ ವಚನಗಳ ತರ್ಕ ನಿಂತಿರುವುದು ಈ ಎರಡು ಅರ್ಥಗಳ ಮೇಲೆ: ಬರೆದವನು ಸಾಯುವ ತನಕ ಉಯಿಲಿಗೆ ಬಲವಿಲ್ಲ. 'ಒಡಂಬಡಿಕೆ' ಎಂಬ ಮಾತಿಗೆ ಈ ಭಾರ ಹೊರುವ ಶಕ್ತಿಯಿಲ್ಲ. ಒಪ್ಪಂದ ಮಾಡಿಕೊಂಡವರು ಬದುಕಿರುವಾಗಲೇ ಅದು ಜಾರಿಯಲ್ಲಿರುತ್ತದೆ. ಕನ್ನಡ ಕೋಶ ನಮ್ಮನ್ನು ಇಲ್ಲಿಯವರೆಗೆ ಕರೆತಂದು ನಿಲ್ಲುತ್ತದೆ. ಮುಂದಕ್ಕೆ ಗ್ರೀಕ್ ಪದಗಳ ವಿವರಣೆ ಕೊಡುವ ಗ್ರಂಥ ಬೇಕು. ಡಬ್ಲ್ಯೂ. ಇ. ವೈನ್ ಅವರ 1940ರ ಹೊಸ ಒಡಂಬಡಿಕೆಯ ಪದಕೋಶವು ಗ್ರೀಕ್ ಬಾರದವರಿಗೂ ಒದಗುತ್ತದೆ.

ಇನ್ನೊಂದು ಪದ 'ಪ್ರವಾದಿ'. ಮುಂದಾಗುವುದನ್ನು ಹೇಳುವವನು ಎಂದೇ ಹೆಚ್ಚಿನವರು ಇದನ್ನು ತಿಳಿಯುತ್ತಾರೆ. ಪದದ ಕಟ್ಟನ್ನು ನೋಡಿದರೆ ಅದು ಬರಿಯ 'ಎತ್ತಿ ಹೇಳುವವನು'. ಗ್ರೀಕಿನ 'ಪ್ರೊಫೀಟೀಸ್' ಪದದ ಕಟ್ಟೂ ಹತ್ತಿರ ಹತ್ತಿರ ಅದೇ. ಯೆಶಾಯ, ಯೆರೆಮೀಯರನ್ನು ಓದಿದವರಿಗೆ ಗೊತ್ತಿದೆ, ಅವರ ಮಾತಿನಲ್ಲಿ ಭವಿಷ್ಯಕ್ಕಿಂತ ತಮ್ಮ ಕಾಲದ ಅರಸರ, ವ್ಯಾಪಾರಿಗಳ ಅನ್ಯಾಯದ ಖಂಡನೆಯೇ ಹೆಚ್ಚು. ಆದರೆ ಧಾತುವನ್ನು ಬಿಡಿಸಿ ಅದೇ ಪದದ ನಿಜವಾದ ಅರ್ಥವೆಂದು ಸಾಧಿಸುವ ಚಟ ಬೈಬಲ್ ಓದುವವರಲ್ಲಿ ಬಹಳ ಹಳೆಯದು. 1961ರಲ್ಲಿ ಜೇಮ್ಸ್ ಬಾರ್ ಎಂಬ ವಿದ್ವಾಂಸರು ಒಂದು ಇಡೀ ಪುಸ್ತಕವನ್ನೇ ಬರೆದು ಅದನ್ನು ಟೀಕಿಸಿದರು. ಪದದ ಅರ್ಥ ಪ್ರಯೋಗದಲ್ಲಿರುತ್ತದೆ, ಹುಟ್ಟಿನಲ್ಲಲ್ಲ. ನಮ್ಮ ಸಭೆಗಳಲ್ಲಿ ಪ್ರತಿ ಸಂಸ್ಕೃತ ಪದವನ್ನೂ ಒಡೆದು ತೋರಿಸಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರಿಗೂ ಈ ಪುಸ್ತಕ ಉಪಕಾರಿ.

ಪ್ರಯೋಗಗಳನ್ನು ಒಟ್ಟಿಗೆ ತಂದಿಡುವ ಗ್ರಂಥವೇ ಪದಾನುಕ್ರಮಣಿಕೆ, ಇಂಗ್ಲಿಷಿನವರ ಕನ್ಕಾರ್ಡೆನ್ಸ್. 1737ರಲ್ಲಿ ಅಲೆಕ್ಸಾಂಡರ್ ಕ್ರೂಡನ್ ಎಂಬಾತ ತಯಾರಿಸಿದ್ದು ಇಂಗ್ಲಿಷಿನಲ್ಲಿ ಬಹುಕಾಲ ಬಳಕೆಯಲ್ಲಿತ್ತು. ಆದರೆ ಅದು ಇಂಗ್ಲಿಷ್ ಪದಗಳ ಪಟ್ಟಿ ಮಾತ್ರ. ಮೂಲದಲ್ಲಿ ಯಾವ ಪದವಿದೆ ಎಂದು ಹೇಳುವುದಿಲ್ಲ. 1879ರಲ್ಲಿ ರಾಬರ್ಟ್ ಯಂಗ್ ಪ್ರತಿ ಇಂಗ್ಲಿಷ್ ಪದದ ಕೆಳಗೆ ಅದರ ಹೀಬ್ರೂ, ಗ್ರೀಕ್ ಮೂಲಗಳನ್ನು ಬೇರೆಬೇರೆ ಗುಂಪು ಮಾಡಿದರು. 1890ರಲ್ಲಿ ಜೇಮ್ಸ್ ಸ್ಟ್ರಾಂಗ್ ಇನ್ನೂ ಮುಂದೆ ಹೋಗಿ ಮೂಲ ಪದಗಳಿಗೆ ಕ್ರಮಸಂಖ್ಯೆ ಕೊಟ್ಟರು: ಹೀಬ್ರೂವಿಗೆ 8674ರವರೆಗೆ, ಗ್ರೀಕಿಗೆ 5624ರವರೆಗೆ. ಲಿಪಿ ಬಾರದವನೂ ಸಂಖ್ಯೆಯ ಸಹಾಯದಿಂದ ಮೂಲ ಪದವನ್ನು ಹಿಂಬಾಲಿಸಬಹುದು. ಇಂದಿನ ಬೈಬಲ್ ತಂತ್ರಾಂಶಗಳಲ್ಲಿ ಪದದ ಮೇಲೆ ಬೆರಳಿಟ್ಟರೆ ಬರುವ ಸಂಖ್ಯೆ ಬಹುಮಟ್ಟಿಗೆ ಇದೇ.

ಇದರ ಉಪಯೋಗವನ್ನು ಹೊಲದ ಉದಾಹರಣೆಯಿಂದಲೇ ತೋರಿಸಬಹುದು. ಕಿಂಗ್ ಜೇಮ್ಸ್ ಅನುವಾದದ ಯೆಶಾಯ 28ರಲ್ಲಿ ರೈತನು 'ಫಿಚಸ್' ಎಂಬುದನ್ನು ಬಿತ್ತುತ್ತಾನೆ. ಯೆಹೆಜ್ಕೇಲ 4:9ರಲ್ಲಿ ಪ್ರವಾದಿ ರೊಟ್ಟಿಗೆ ಬೆರೆಸುವ ಧಾನ್ಯಗಳಲ್ಲಿಯೂ 'ಫಿಚಸ್' ಇದೆ. ಕ್ರೂಡನ್ ಮಾದರಿಯ ಪಟ್ಟಿ ನೋಡಿದವರು ಎರಡೂ ಒಂದೇ ಕಾಳು ಎನ್ನುತ್ತಾರೆ. ಸ್ಟ್ರಾಂಗ್ ಸಂಖ್ಯೆ ನೋಡಿದರೆ ಒಂದು 7100, ಇನ್ನೊಂದು 3698. ಮೊದಲನೆಯದು 'ಕೆತ್ಸಾಖ್', ನಮ್ಮ ಕರಿಜೀರಿಗೆ. ಯೆಶಾಯನ ಮಾತಿಗೆ ಆಗ ಅರ್ಥ ಬರುತ್ತದೆ: ಇಂಥ ಸಣ್ಣ ಬೀಜದ ಮೇಲೆ ಯಾರೂ ಗಾಡಿಯ ಚಕ್ರ ಹರಿಸುವುದಿಲ್ಲ, ಕೋಲಿನಿಂದ ಬಡಿಯುತ್ತಾರೆ. ಎರಡನೆಯದು 'ಕುಸ್ಸೆಮೆತ್', ಗೋಧಿಯ ಜಾತಿಯ ಒಂದು ಸಿಪ್ಪೆಧಾನ್ಯ. ಅದೇ ಕುಸ್ಸೆಮೆತ್ತನ್ನು ಅದೇ ಇಂಗ್ಲಿಷ್ ಅನುವಾದವು ವಿಮೋಚನಕಾಂಡ 9:32ರಲ್ಲಿ 'ರೈ' ಎಂದು ಕರೆಯುತ್ತದೆ. ಎರಡು ಮೂಲ ಪದಗಳಿಗೆ ಒಂದು ಇಂಗ್ಲಿಷ್ ಪದ, ಒಂದು ಮೂಲ ಪದಕ್ಕೆ ಎರಡು ಇಂಗ್ಲಿಷ್ ಪದ. ಇನ್ನು ಅದೇ ಬೈಬಲಿನ 'ಕಾರ್ನ್' ಎಂಬುದನ್ನು ಮುಸುಕಿನ ಜೋಳವೆಂದು ತಿಳಿಯುವವರೂ ಇದ್ದಾರೆ. ಆ ಬೆಳೆ ಅಮೆರಿಕದಿಂದ ಹೊರಬಂದದ್ದೇ 1492ರ ನಂತರ. ಹಳೆಯ ಇಂಗ್ಲಿಷಿನಲ್ಲಿ ಕಾರ್ನ್ ಎಂದರೆ ಬರಿಯ ಧಾನ್ಯ.

ಯೆಹೆಜ್ಕೇಲನ ಅದೇ ವಚನದಲ್ಲಿ 'ದೋಹನ್' ಎಂಬ ಇನ್ನೊಂದು ಧಾನ್ಯವಿದೆ. ಇಂಗ್ಲಿಷಿನಲ್ಲಿ ಅದನ್ನು 'ಮಿಲೆಟ್' ಎಂದು ಬರೆದು ಮುಂದೆ ಹೋಗಬಹುದು. ಕನ್ನಡದಲ್ಲಿ ಹಾಗೆ ಹೋಗಲಾಗದು. ಸಜ್ಜೆ, ನವಣೆ, ಬರಗು, ಸಾಮೆ, ಹಾರಕ, ಇವುಗಳಲ್ಲಿ ಯಾವುದು ಎಂದು ನಮ್ಮ ರೈತ ಕೇಳುತ್ತಾನೆ. 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇರುವುದು ಪಟಾನ್‌ಚೆರುವಿನಲ್ಲಿಯೇ. ಅದರ ಬೀಜಭಂಡಾರದಲ್ಲಿ ಜೋಳ, ಸಜ್ಜೆ, ಕಿರುಧಾನ್ಯಗಳು ಬೇರೆಬೇರೆ ಬೆಳೆಗಳಾಗಿ ಪ್ರತ್ಯೇಕ ಕಪಾಟುಗಳಲ್ಲಿವೆ. ಆ ಬಾಗಿಲಿನ ಮುಂದೆ ದಿನವೂ ಹಾದುಹೋಗುವವರಿಗೆ 'ಮಿಲೆಟ್' ಎಂಬ ಒಂದು ಮಾತು ಎಷ್ಟು ಬಡವೆಂಬುದನ್ನು ವಿವರಿಸಬೇಕಾಗಿಲ್ಲ. ದೋಹನ್ ಹೀಬ್ರೂ ಬೈಬಲಿನಲ್ಲಿ ಒಂದೇ ಒಂದು ಸಲ ಬರುವ ಪದವಾದ್ದರಿಂದ ಪದಾನುಕ್ರಮಣಿಕೆ ಕೈಚೆಲ್ಲುತ್ತದೆ. ಹೋಲಿಸಲು ಎರಡನೆಯ ಪ್ರಯೋಗವಿಲ್ಲ. ಇಲ್ಲಿ ಬೇಕಾದದ್ದು ಬೈಬಲ್ ಕೋಶ, ಅದೂ ಸಸ್ಯಶಾಸ್ತ್ರ ಮತ್ತು ಉತ್ಖನನದ ಫಲಿತಾಂಶ ಬಲ್ಲ ಇತ್ತೀಚಿನ ಕೋಶ. ಆರು ಸಂಪುಟಗಳ ಆಂಕರ್ ಬೈಬಲ್ ಡಿಕ್ಷನರಿ (1992) ಅಂಥದು. ಒಬ್ಬರ ಸಂಬಳದಲ್ಲಿ ಕೊಳ್ಳುವ ಪುಸ್ತಕವಲ್ಲ. ದೊಡ್ಡ ಗ್ರಂಥಾಲಯದಲ್ಲಿ ನೋಡುವಂಥದು.

ಗೋವಿಂದ ಪೈಗಳ ಕಾವ್ಯದ ಹೆಸರೂ ಪದಾನುಕ್ರಮಣಿಕೆಗೆ ಒಳ್ಳೆಯ ಪರೀಕ್ಷೆ. ಇಂಗ್ಲಿಷ್ ಪಟ್ಟಿಯಲ್ಲಿ 'ಗೊಲ್ಗೊಥಾ' ಹುಡುಕಿದರೆ ಮತ್ತಾಯ, ಮಾರ್ಕ, ಯೋಹಾನ ಈ ಮೂರು ಸುವಾರ್ತೆಗಳು ಸಿಗುತ್ತವೆ. ಲೂಕ ಸಿಗುವುದಿಲ್ಲ. ಲೂಕನು ಆ ಅರಮಾಯಿಕ್ ಹೆಸರನ್ನು ಬಿಟ್ಟು ತಲೆಬುರುಡೆ ಎಂಬ ಅರ್ಥದ ಗ್ರೀಕ್ ಪದವನ್ನಷ್ಟೇ ಕೊಟ್ಟನು. ಅದನ್ನು ಲ್ಯಾಟಿನ್ ಮೂಲಕ ಕಿಂಗ್ ಜೇಮ್ಸ್ ಅನುವಾದಕರು 'ಕ್ಯಾಲ್ವರಿ' ಮಾಡಿದರು. ಪಟ್ಟಿಯನ್ನು ನಂಬಿ ಮೂರೇ ಸುವಾರ್ತೆಗಳನ್ನು ಓದಿದವರು ಯೇಸುವಿನ ಜೊತೆ ಶಿಲುಬೆಗೇರಿದ ಇಬ್ಬರಲ್ಲಿ ಒಬ್ಬನ ಪಶ್ಚಾತ್ತಾಪದ ಪ್ರಸಂಗವನ್ನೇ ಕಳೆದುಕೊಳ್ಳುತ್ತಾರೆ, ಏಕೆಂದರೆ ಅದಿರುವುದು ಲೂಕನಲ್ಲಿ ಮಾತ್ರ. ಆದ್ದರಿಂದ ನಾವು ಅನುಸರಿಸುವ ಕ್ರಮ ಹೀಗಿದೆ: ಮೊದಲು ಕನ್ನಡದ ವಚನ, ಆಮೇಲೆ ಅದೇ ವಚನದ ಇಂಗ್ಲಿಷ್, ಅಲ್ಲಿಂದ ಸ್ಟ್ರಾಂಗ್ ಸಂಖ್ಯೆ, ಆ ಸಂಖ್ಯೆ ಬರುವ ಇತರ ವಚನಗಳು, ಮತ್ತೆ ಅವುಗಳ ಕನ್ನಡ ರೂಪ. ಸುತ್ತು ದಾರಿಯೇ ಸರಿ. ಆದರೆ ಕೊನೆಯ ಹೆಜ್ಜೆಯಲ್ಲಿ ಕನ್ನಡ ಅನುವಾದಕರು ಒಂದು ಮೂಲ ಪದವನ್ನು ಎಲ್ಲಿ ಎಷ್ಟು ಬಗೆಯಾಗಿ ಬಿಡಿಸಿದ್ದಾರೆ ಎಂಬುದು ಕಾಣುತ್ತದೆ. ಹೀಬ್ರೂವಿನ 'ರೂಆಖ್' ಒಂದೇ ಪದ ಗಾಳಿಯೂ ಹೌದು, ಉಸಿರೂ ಹೌದು, ಆತ್ಮವೂ ಹೌದು. ಒಣಗಿದ ಎಲುಬುಗಳು ಎದ್ದು ನಿಲ್ಲುವ ಯೆಹೆಜ್ಕೇಲ 37ನೆಯ ಅಧ್ಯಾಯದಲ್ಲಿ ಮೂರು ಅರ್ಥಗಳೂ ಒಂದರೊಳಗೊಂದು ಆಡುತ್ತವೆ. ಪ್ರಾಣ, ವಾಯು ಎಂಬ ಮಾತುಗಳೊಡನೆ ಬೆಳೆದ ನಮಗೆ ಈ ಆಟ ಪರಕೀಯವಲ್ಲ. ಆದರೆ ಅನುವಾದದಲ್ಲಿ ಅದು ಬೇರೆಬೇರೆ ಪದಗಳಾಗಿ ಒಡೆದಿರುವುದರಿಂದ ಸಂಖ್ಯೆಯ ನೆರವಿಲ್ಲದೆ ಕಾಣದು.

ಭೂಪಟದ ಪುಸ್ತಕಗಳ ಬಗ್ಗೆ ಒಂದು ಮಾತು. ಬೈಬಲಿನ ಊರುಗಳನ್ನು ಇಂದಿನ ನಕ್ಷೆಯಲ್ಲಿ ಗುರುತಿಸುವ ವ್ಯವಸ್ಥಿತ ಕೆಲಸಕ್ಕೆ ದಾರಿ ಹಾಕಿದವರು ಅಮೆರಿಕದ ಎಡ್ವರ್ಡ್ ರಾಬಿನ್ಸನ್. 1838ರಲ್ಲಿ ಅರಬ್ಬಿ ಬಲ್ಲ ಈಲೈ ಸ್ಮಿತ್ ಅವರನ್ನು ಜೊತೆಗಿಟ್ಟುಕೊಂಡು ಪ್ಯಾಲೆಸ್ಟೈನಿನಲ್ಲಿ ಸಂಚರಿಸಿ, ಹಳ್ಳಿಗರ ಬಾಯಲ್ಲಿ ಉಳಿದಿದ್ದ ಹೆಸರುಗಳನ್ನು ಕೇಳಿದರು. ಯೆರೆಮೀಯನ ಊರು ಅನಾತೋತ್ 'ಅನಾತಾ' ಆಗಿ ಉಳಿದಿತ್ತು, ಶೀಲೋ 'ಸೈಲೂನ್' ಆಗಿತ್ತು. ಹೆಸರಿನ ಹೋಲಿಕೆಯೊಂದನ್ನೇ ಅವರು ನಂಬಲಿಲ್ಲ. ನ್ಯಾಯಸ್ಥಾಪಕರು 21:19ರಲ್ಲಿ ಶೀಲೋ ಎಲ್ಲಿದೆಯೆಂದು ದಿಕ್ಕುಗಳ ಸಹಿತ ಹೇಳಿದ್ದನ್ನು ನೆಲದ ಮೇಲೆ ತಾಳೆ ನೋಡಿದರು. ಪಟಾನ್‌ಚೆರುವಿನವರಿಗೆ ಈ ವಿಧಾನ ಮನೆಯ ಮಾತು. ಕಲ್ಯಾಣದ ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ (1015ರಿಂದ ಸುಮಾರು 1042) ಕಾಲದ ಶಾಸನಗಳು ಹೇಳುವ, ಶರಣರ ಕಥೆಗಳು ದೇವರ ದಾಸಿಮಯ್ಯನೊಡನೆ ಹೆಣೆದಿರುವ ರಾಜಧಾನಿ 'ಪೊಟ್ಟಳಕೆರೆ' ಈ ಊರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹೆಸರಿನ ಮೊದಲ ಭಾಗ ಸವೆದಿದೆ, ಎರಡನೆಯ ಭಾಗ ಅನುವಾದಗೊಂಡಿದೆ: ಕನ್ನಡದ ಕೆರೆ ತೆಲುಗಿನ ಚೆರುವು ಆಯಿತು. ಬೈಬಲ್ ಅಟ್ಲಾಸನ್ನು ಕೊಳ್ಳುವಾಗ ನಾವು ನೋಡುವುದು ಇದನ್ನೇ. ಪ್ರತಿ ಊರಿನ ಗುರುತಿಗೆ ಆಧಾರ ಯಾವುದು, ಅದು ಖಚಿತವೋ ಊಹೆಯೋ ಎಂದು ಅದು ಹೇಳುತ್ತದೆಯೇ? ಎಲ್ಲ ಊರುಗಳಿಗೂ ಒಂದೇ ಬಣ್ಣದ ಗಟ್ಟಿ ಚುಕ್ಕಿ ಇಟ್ಟಿರುವ ಅಟ್ಲಾಸನ್ನು ಬಿಟ್ಟುಬಿಡಬಹುದು.

ವ್ಯಾಖ್ಯಾನಗ್ರಂಥಗಳು ಎಣಿಕೆಗೆ ಮೀರಿವೆ, ಎಲ್ಲರೂ ಮೊದಲು ಕೊಳ್ಳುವುದೂ ಅವನ್ನೇ. ನಾವು ಅವನ್ನು ಕೊನೆಯಲ್ಲಿಡುತ್ತೇವೆ. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವವು ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯವು. ಮ್ಯಾಥ್ಯೂ ಹೆನ್ರಿ 1714ರಲ್ಲಿ ತೀರಿಕೊಂಡವರು. ಭಕ್ತಿಯ ಓದಿಗೆ ಅವರ ಬರಹದ ಸೊಗಸು ಇಂದಿಗೂ ಮಾಸಿಲ್ಲ. ಚರಿತ್ರೆಯ ಪ್ರಶ್ನೆಗೆ ಅವರನ್ನು ಕೇಳಬಾರದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ 1896ರಿಂದ ಸಿಕ್ಕ ಗ್ರೀಕ್ ಕಾಗದಗಳನ್ನಾಗಲಿ, 1947ರಿಂದ ಮೃತಸಮುದ್ರದ ದಂಡೆಯ ಗುಹೆಗಳಲ್ಲಿ ಸಿಕ್ಕ ಸುರುಳಿಗಳನ್ನಾಗಲಿ ಅವರಿರಲಿ, ಸ್ಟ್ರಾಂಗ್ ಕೂಡ ಕಂಡಿರಲಿಲ್ಲ. ನಮ್ಮ ನೆಲದ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡ ಒಂದೇ ಸಂಪುಟ ಬೇಕೆನ್ನುವವರಿಗೆ 2015ರಲ್ಲಿ ಬಂದ ಸೌತ್ ಏಷ್ಯಾ ಬೈಬಲ್ ಕಾಮೆಂಟರಿ ಇದೆ.

ಕಡೆಗೆ, ಚಿಕ್ಕದಾದರೂ ದಿನವೂ ಎದುರಾಗುವ ತೊಡಕು ಸಂಖ್ಯೆಗಳದು. ಅಧ್ಯಾಯಗಳ ವಿಂಗಡಣೆ ಹದಿಮೂರನೆಯ ಶತಮಾನದ್ದು, ಹೊಸ ಒಡಂಬಡಿಕೆಯ ಇಂದಿನ ವಚನಸಂಖ್ಯೆ 1551ರ ಮುದ್ರಕ ರಾಬರ್ಟ್ ಎಸ್ತಿಯೆನ್ ಕೊಟ್ಟದ್ದು. ಎಲ್ಲ ಪರಂಪರೆಗಳಲ್ಲಿ ಅವು ಹೊಂದುವುದಿಲ್ಲ. ಮಲಾಕಿಯ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಅಧ್ಯಾಯ, ಹೀಬ್ರೂವಿನಲ್ಲಿ ಮೂರು. ಕುರುಬನ ಹೋಲಿಕೆಯಿರುವ 23ನೆಯ ಕೀರ್ತನೆ ಹಳೆಯ ಕ್ಯಾಥೊಲಿಕ್ ವ್ಯಾಖ್ಯಾನಗಳಲ್ಲಿ 22ನೆಯದು. ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕಗಳು, ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66. ಆದ್ದರಿಂದ ತೋಬಿತನ ಕಥೆಯನ್ನು ಸ್ಟ್ರಾಂಗ್ ಪಟ್ಟಿಯಲ್ಲಿ ಹುಡುಕಿ ಪ್ರಯೋಜನವಿಲ್ಲ. ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಆಕರಗ್ರಂಥ ಕೈಗೆ ಸಿಕ್ಕಾಗ ಬೆಲೆ ಕೇಳುವ ಮುಂಚೆ ಅದರಲ್ಲಿ ಮಲಾಕಿಯ ಕೊನೆಯ ಪುಟವನ್ನೂ ಕೀರ್ತನೆ 23ನ್ನೂ ತೆರೆದು ನೋಡಿದರೆ, ಅದು ಯಾವ ಮನೆಯ ಬೈಬಲಿಗಾಗಿ ಬರೆದದ್ದೆಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ.